ಕೂದಲಿಗೆಂದು ನುಂಗಿದ ಮಾತ್ರೆ, ಇಲ್ಲದ ಥೈರಾಯ್ಡ್ ಕಾಯಿಲೆ

ಕೆಲವು ತಿಂಗಳ ಹಿಂದೆ ನನಗೆ ಥೈರಾಯ್ಡ್ ಕಾಯಿಲೆ ಇದೆ ಎಂದು ರಿಪೋರ್ಟ್ ಬಂತು. ನಿಜಕ್ಕೂ ಕಾಯಿಲೆ ಇರಲಿಲ್ಲ. ಆದರೂ 11 ದಿನ ಅದಕ್ಕೆ ಔಷಧಿ ತೆಗೆದುಕೊಂಡೆ. ಕೂದಲಿಗೋ ಉಗುರಿಗೋ ಎಂದು ನೀವು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ, ಮುಂದಿನ ರಕ್ತಪರೀಕ್ಷೆಗೆ ಮುಂಚೆ ಇದನ್ನೊಮ್ಮೆ ಓದಿ.

ಶುರುವಾದದ್ದು ಒಂದು ಜೋರು ಜ್ವರದಿಂದ. ಜ್ವರ ಬಿಟ್ಟು ಎರಡು ತಿಂಗಳಾದ ಮೇಲೆ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲಲ್ಲಿ, ಎಲ್ಲಿ ನೋಡಿದರೂ ಕೂದಲೇ. ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ಹಿಡಿದಾಗ ಆ ವಿಡಿಯೊ ಸಿಕ್ಕಿತು. ಬಿಳಿ ಕೋಟು, ತಣ್ಣನೆಯ ದನಿ, ಲಕ್ಷಗಟ್ಟಲೆ ಫಾಲೋವರ್‌ಗಳು. ಬಯೋಟಿನ್ ಕಡಿಮೆಯಾದರೆ ಕೂದಲು ಉದುರುತ್ತದೆ, ದಿನಕ್ಕೆ 10,000 ಮೈಕ್ರೋಗ್ರಾಂ ತಗೊಳ್ಳಿ, ನೀರಲ್ಲಿ ಕರಗುವ ವಿಟಮಿನ್ ಆದ್ದರಿಂದ ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ, ಏನೂ ತೊಂದರೆಯಿಲ್ಲ ಎಂದರು. ಪರದೆಯ ಮೇಲೆ ಒಂದು ಸಂಶೋಧನಾ ಪ್ರಬಂಧದ ಚಿತ್ರವೂ ಬಂದು ಹೋಯಿತು. ಕೆಳಗೆ ಅವರದೇ ಡಿಸ್ಕೌಂಟ್ ಕೋಡ್. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಿಂದ ಕೇಳಿದವನೇ ನಾನು. ಆದರೂ ತರಿಸಿಕೊಂಡೆ.

ಮೂರು ತಿಂಗಳಲ್ಲಿ ಕೂದಲು ಉದುರುವುದು ನಿಂತಿತು! ಖುಷಿಯಲ್ಲಿ ನಾಲ್ಕು ಜನರಿಗೆ ವಿಡಿಯೊ ಕಳಿಸಿದೆ. ಇಡೀ ಕಥೆಯಲ್ಲಿ ಈಗಲೂ ನನಗೆ ನಾಚಿಕೆಯಾಗುವುದು ಇದಕ್ಕೇ.

ಆಮೇಲೆ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದೆ. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್ ಟಿಎಸ್‌ಎಚ್ ತೀರಾ ಕಡಿಮೆ, ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ತೀರಾ ಜಾಸ್ತಿ, ಥೈರಾಯ್ಡ್ ಪ್ರತಿಕಾಯವೂ ಪಾಸಿಟಿವ್. "ಬೇರೆ ಔಷಧಿ ಏನಾದರೂ ತಗೋತಿದ್ದೀರಾ?" ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ, ವಿಟಮಿನ್ ಅನ್ನೋದು ನನ್ನ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ. ಅವರು ಥೈರಾಯ್ಡ್ ಕೆಲಸ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬರೆದರು. ಈ ಔಷಧಿಯಿಂದ ಅಪರೂಪಕ್ಕೆ ಬಿಳಿ ರಕ್ತಕಣ ಕುಸಿಯಬಹುದು, ಜ್ವರ ಅಥವಾ ಗಂಟಲು ನೋವು ಬಂದರೆ ತಕ್ಷಣ ಬನ್ನಿ ಎಂದು ಎಚ್ಚರಿಸಿದರು.

ಹನ್ನೊಂದನೇ ದಿನ ಗಂಟಲು ನೋವು ಬಂತು. ಎದೆ ಹೊಡೆದುಕೊಳ್ಳುತ್ತಾ ಓಡಿದೆ. ಪುಣ್ಯಕ್ಕೆ ರಕ್ತಕಣಗಳು ಸರಿಯಾಗಿದ್ದವು, ಬರೀ ನೆಗಡಿ. ಆದರೆ ಅಲ್ಲಿದ್ದ ಇನ್ನೊಬ್ಬ ಡಾಕ್ಟರ್ ಹಳೆಯ ರಿಪೋರ್ಟನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಕೈ ನಡುಗುತ್ತಿಲ್ಲ, ತೂಕ ಇಳಿದಿಲ್ಲ. "ಈ ನಂಬರ್ ನಿಜವಾಗಿದ್ದರೆ ನೀವು ಹೀಗೆ ಆರಾಮಾಗಿ ಇರುತ್ತಿರಲಿಲ್ಲ. ಕೂದಲಿಗೆ ಏನಾದರೂ ತಗೋತೀರಾ?" ಎಂದರು. ಬಯೋಟಿನ್ ವಿಷಯ ಹೇಳಿದೆ. ಅವರು ಹೇಳಿದಂತೆ ಎರಡೂ ಮಾತ್ರೆ ನಿಲ್ಲಿಸಿದೆ. ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಎಲ್ಲವೂ ನಾರ್ಮಲ್.

ಹೀಗೇಕಾಯಿತು? ಎಷ್ಟೋ ಲ್ಯಾಬ್ ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಕೊಕ್ಕೆಯಂತೆ ಬಳಸುತ್ತಾರೆ. ಹಾರ್ಮೋನನ್ನು ಹಿಡಿಯಲು ಲ್ಯಾಬಿನವರು ಬಳಸುವ ಪ್ರತಿಕಾಯಕ್ಕೆ ಬಯೋಟಿನ್ ಅಂಟಿಸಿರುತ್ತಾರೆ. ಅದು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಬಂದು ಸ್ಟ್ರೆಪ್ಟಾವಿಡಿನ್‌ನ ಕುರ್ಚಿಗಳನ್ನೆಲ್ಲ ಹಿಡಿದುಬಿಡುತ್ತದೆ. ಆಗ ಯಂತ್ರಕ್ಕೆ ಸಿಗುವ ಸಂಕೇತ ಕಡಿಮೆಯಾಗುತ್ತದೆ. ಟಿಎಸ್‌ಎಚ್ ಪರೀಕ್ಷೆಯಲ್ಲಿ ಸಂಕೇತ ಕಡಿಮೆ ಎಂದರೆ ಹಾರ್ಮೋನ್ ಕಡಿಮೆ ಎಂದು ಅರ್ಥ. ಟಿ4 ಪರೀಕ್ಷೆ ಇದರ ತಿರುಗುಮುರುಗು, ಅಲ್ಲಿ ಸಂಕೇತ ಕಡಿಮೆಯಾದರೆ ಹಾರ್ಮೋನ್ ಜಾಸ್ತಿ ಎಂದು ಓದುತ್ತದೆ. ಎರಡೂ ಸೇರಿದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಯದೇ ಚಿತ್ರ. ಎಲ್ಲ ಲ್ಯಾಬ್‌ಗಳ ಯಂತ್ರಗಳೂ ಹೀಗಲ್ಲ, ಆದರೆ ನಿಮ್ಮ ಲ್ಯಾಬಿನದು ಯಾವುದು ಎಂದು ನಿಮಗೆ ಗೊತ್ತಿರುವುದಿಲ್ಲವಲ್ಲ.

ಇದೇನೂ ಗುಟ್ಟಲ್ಲ. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 6 ಜನ ಆರೋಗ್ಯವಂತರಿಗೆ ಒಂದು ವಾರ ದಿನಕ್ಕೆ 10 ಮಿಲಿಗ್ರಾಂ, ಅಂದರೆ ನಾನು ನುಂಗಿದಷ್ಟೇ ಬಯೋಟಿನ್ ಕೊಟ್ಟು ನೋಡಿದ್ದರು. ಒಂದು ಯಂತ್ರದಲ್ಲಿ ಟಿಎಸ್‌ಎಚ್ ಶೇ 94ರಷ್ಟು ಕಡಿಮೆ ತೋರಿಸಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆಯನ್ನೂ ಹೊರಡಿಸಿತು. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಾಗಿ ಕಡಿಮೆ ಬರಬಹುದು, ಹಾಗಾಗಿ ಒಬ್ಬರು ಸತ್ತ ವರದಿ ಬಂದಿದೆ ಎಂದು ಅದರಲ್ಲಿದೆ. ಅದನ್ನು ಓದಿದಾಗ ನನ್ನ ಗಂಟಲು ನೋವು ಸಣ್ಣದೆನಿಸಿತು.

ಆಮೇಲೆ ಹಟ ಹಿಡಿದು ಪಬ್‌ಮೆಡ್‌ನಲ್ಲಿ ಕೂದಲಿನ ವಿಷಯ ಹುಡುಕಿದೆ. ಅದು ವೈದ್ಯಕೀಯ ಪ್ರಬಂಧಗಳನ್ನು ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದಾದ ಜಾಗ. 2017ರ ಒಂದು ವಿಮರ್ಶಾ ಪ್ರಬಂಧ ಸಿಕ್ಕಿತು. ಬಯೋಟಿನ್‌ನಿಂದ ಕೂದಲು, ಉಗುರು ಸುಧಾರಿಸಿದ 18 ಪ್ರಕರಣಗಳನ್ನು ಅವರು ಒಟ್ಟುಮಾಡಿದ್ದರು. 18 ಜನರಿಗೂ ಕೂದಲೋ ಉಗುರೋ ಕೆಡುವಂಥ ಬೇರೆ ಕಾಯಿಲೆ ಇತ್ತು. ಆರೋಗ್ಯವಂತರಲ್ಲಿ ಕೆಲಸ ಮಾಡುತ್ತದೆ ಎನ್ನಲು ಸರಿಯಾದ ಆಧಾರ ಸಿಗಲಿಲ್ಲ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು ಎಂಬುದೂ ಆಗಲೇ ತಿಳಿಯಿತು. ನಾನು ನುಂಗಿದ್ದು ಅದರ 333 ಪಟ್ಟು.

ಮತ್ತೆ ವಿಡಿಯೊ ಹಾಕಿ, ಆ ಪ್ರಬಂಧದ ಚಿತ್ರದ ಹತ್ತಿರ ನಿಲ್ಲಿಸಿ ಹೆಸರು ಓದಿದೆ. ಅದು ಬಯೋಟಿನಿಡೇಸ್ ಕೊರತೆಯ ಬಗ್ಗೆ. ಹುಟ್ಟಿನಿಂದಲೇ ಬಯೋಟಿನ್ನನ್ನು ಬಿಡಿಸಿಕೊಂಡು ಮರುಬಳಸಲು ಆಗದ ಮಕ್ಕಳ ಅಪರೂಪದ ಕಾಯಿಲೆ. ಆ ಮಕ್ಕಳಿಗೆ ಕೂದಲು ಉದುರುವುದು ನಿಜ, ಬಯೋಟಿನ್ ಕೊಟ್ಟರೆ ಸರಿಹೋಗುವುದೂ ನಿಜ. ನೋಡಿ, ಆ ಮನುಷ್ಯ ಒಂದು ಸಾಲನ್ನೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ ಎಂಬುದೂ ಸರಿಯೇ, ಹೋಗುವ ಮುಂಚೆ ಏನು ಮಾಡುತ್ತದೆ ಅನ್ನೋದನ್ನು ಬಿಟ್ಟಿದ್ದರು ಅಷ್ಟೇ. ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಯಾವುದರ ಜೊತೆ ಹೋಲಿಸಿದರು, ಈ ಮೂರೂ ಪ್ರಬಂಧದಲ್ಲಿ ಇರುತ್ತವೆ. ವಿಡಿಯೊದಲ್ಲಿ ಮೊದಲು ಕತ್ತರಿ ಬೀಳುವುದು ಅವಕ್ಕೇ.

ನಾನೂ ಮೊದಲು ಎಡವಿದೆ. ಬರೀ 6 ಜನರ ಅಧ್ಯಯನ ಎಂದು ಜಾಮಾದ ಪ್ರಬಂಧವನ್ನು ಮೂಗು ಮುರಿದು ಪಕ್ಕಕ್ಕಿಟ್ಟಿದ್ದೆ. ಯೋಚಿಸಿದರೆ, ಯಂತ್ರ ತಪ್ಪು ಓದುತ್ತದೆಯೇ ಎಂದು ನೋಡಲು ಆರು ಜನ ಸಾಕು. ಕೂದಲು ಬೆಳೆಯಿತೇ ಎಂದು ಹೇಳಲು ಅಷ್ಟು ಜನ ಏನೇನೂ ಸಾಲದು, ಮಾತ್ರೆ ನುಂಗದವರ ಗುಂಪೊಂದು ಪಕ್ಕದಲ್ಲಿ ಇರಲೇಬೇಕು. ಸಾರಾಂಶವೊಂದನ್ನೇ ಓದಿ ಕೈತೊಳೆದುಕೊಂಡಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಇನ್ನು ನನ್ನ ಕೂದಲು ನಿಂತದ್ದು? ಜ್ವರ ಬಂದು ಎರಡು ಮೂರು ತಿಂಗಳಿಗೆ ಉದುರುವ ಕೂದಲು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಸುಮ್ನೆ ಕೂತಿದ್ದರೂ ನಿಲ್ಲುತ್ತಿತ್ತು.

ರಕ್ತಪರೀಕ್ಷೆಗೆ ಹೋಗುವಾಗ ನೀವು ನುಂಗುವ ವಿಟಮಿನ್ ಡಬ್ಬಿಗಳನ್ನೂ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ಬಯೋಟಿನ್ ನಿಲ್ಲಿಸಬೇಕೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಹೇಳುತ್ತದೆ. ಡೋಸ್ ದೊಡ್ಡದಾದರೆ ಇನ್ನೂ ಜಾಸ್ತಿ ದಿನ ಬೇಕಾಗಬಹುದು, ಕೇಳಿಕೊಳ್ಳಿ.

ವಿಡಿಯೊ ಕಳಿಸಿದ್ದ ನಾಲ್ಕೂ ಜನರಿಗೆ ಎಫ್‌ಡಿಎ ಎಚ್ಚರಿಕೆಯನ್ನು ಕಳಿಸಿದೆ. ಮೂವರು ಮಾತ್ರೆ ಬಿಟ್ಟರು. ನಾಲ್ಕನೆಯವರು, "ಆದರೆ ನನಗೆ ಕೆಲಸ ಮಾಡ್ತಿದೆಯಲ್ಲ" ಎಂದರು. ಅವರಿಗೂ ನನ್ನ ಹಾಗೇ ಜ್ವರ ಬಂದು ಹೋಗಿತ್ತು.