ಅಗ್ಗದ ಹ್ಯಾಂಡಿ, ಆರು ವರ್ಷ: ಪಿಟಿಟಿ ಒತ್ತಿದ ಮೇಲೆ ಒಳಗೇನಾಗುತ್ತೆ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಕೈಗೆ ಬಂದ ವಾರವೇ ಈ ಸೆಟ್ ತಗೊಂಡೆ. 145 ಮತ್ತು 435 ಮೆಗಾಹರ್ಟ್ಸ್ ಆಸುಪಾಸಿನ ಎರಡು ಬ್ಯಾಂಡಿನ ಚೀನಾ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ವಾಕಿಟಾಕಿ. ಮಾತಾಡಲು ಒತ್ತಿ ಹಿಡಿಯುವ ಗುಂಡಿಯೇ ಪಿಟಿಟಿ. ಡಬ್ಬಿಯ ಮೇಲೆ ದೊಡ್ಡದಾಗಿ '5 ವ್ಯಾಟ್' ಅಂತ ಬರೆದಿತ್ತು. ಕಂಪನಿ ಹೆಸರು ಬರೆಯುತ್ತಿಲ್ಲ. ಒಳಗಿನ ಬೋರ್ಡ್ ಅದೇ ಇಟ್ಟು ಮೇಲಿನ ಅಂಗಿ ಮಾತ್ರ ಬದಲಿಸಿ ಹತ್ತು ಹೆಸರಲ್ಲಿ ಮಾರುವ ಸರಕು ಇದು. ಆರು ವರ್ಷದಿಂದ ಬೆಳಗಿನ ಹರಟೆಯೆಲ್ಲ ಇದರಲ್ಲೇ. ನಡುವೆ ಒಂದು ಸಲ ಸತ್ತು ಬದುಕಿದೆ. ಆ ತಪ್ಪು ನನ್ನದೇ.

ಮೊದಲು ಆ 5 ವ್ಯಾಟ್ ವಿಷಯ. ಮೀಟರ್, ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಇಟ್ಟು ಅಳೆದೆ. ಬ್ಯಾಟರಿ ಫುಲ್ ಇದ್ದಾಗ 4ರ ಮೇಲೆ ಸ್ವಲ್ಪ ಬರುತ್ತದೆ. ಎರಡು ಕಡ್ಡಿ ಇಳಿದರೆ 3ರ ಹತ್ತಿರ. ಸಿಟ್ಟು ಬಂತಾ? ಮೊದಲ ದಿನ ಬಂತು. ಆಮೇಲೆ ನಂದಿ ಬೆಟ್ಟಕ್ಕೆ ತಗೊಂಡು ಹೋದೆ. 1,478 ಮೀಟರ್ ಎತ್ತರದಿಂದ ಬೆಂಗಳೂರಿನ ಗೆಳೆಯರೊಬ್ಬರನ್ನು ಕರೆದೆ. ಹೈ ಪವರ್‌ನಲ್ಲಿ ಸ್ಪಷ್ಟ. 1 ವ್ಯಾಟ್‌ಗೆ ಇಳಿಸಿ ಕೇಳಿದರೆ, "ಇಳಿಸಿದ್ರಾ? ಗೊತ್ತೇ ಆಗ್ಲಿಲ್ಲ" ಅಂದರು. 145 ಮೆಗಾಹರ್ಟ್ಸ್ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ. ನಡುವೆ ಗುಡ್ಡ ಬಂದರೆ 5 ವ್ಯಾಟ್ ಇದ್ದರೂ ಗುಡ್ಡ ಜರುಗಲ್ಲ. ಬಯಲಾದರೆ 1 ವ್ಯಾಟೇ ಜಾಸ್ತಿ.

ಹಾಗಾದರೆ ದುಬಾರಿ ಸೆಟ್ಟಿಗೂ ಇದಕ್ಕೂ ವ್ಯತ್ಯಾಸ ಎಲ್ಲಿದೆ? ಅದನ್ನು ಹುಡುಕಲು ಹೋಗಿಯೇ ನಾನು ಇದರ ಮುಚ್ಚಳ ತೆಗೆದದ್ದು.

ಹಳೆಯ ಸೆಟ್‌ಗಳಲ್ಲಿ ಬೋರ್ಡ್ ತುಂಬ ಕಾಯಿಲ್, ಕ್ರಿಸ್ಟಲ್, ಪುಟ್ಟ ತಗಡಿನ ಡಬ್ಬಿಗಳು ಇರುತ್ತಿದ್ದವು. ಇದರಲ್ಲಿ ಕೆಲಸದ ಬಹುಪಾಲು ಮಾಡುವುದು ಆರ್‌ಡಿಎ1846 ಎಂಬ ಒಂದೇ ಚಿಪ್, ಉಗುರಿಗಿಂತ ಚಿಕ್ಕದು. ಮೈಕ್‌ನಿಂದ ಬಂದ ದನಿಯ ಎತ್ತರದ ಸ್ವರಗಳನ್ನು ಮೊದಲು ಏರಿಸುತ್ತದೆ. ಜಾಸ್ತಿ ಜೋರಾದರೆ ಅಲ್ಲೇ ಕತ್ತರಿಸುತ್ತದೆ. ಅದಕ್ಕೇ ಹ್ಯಾಂಡಿಯಲ್ಲಿ ಕೂಗಬಾರದು. ಕೂಗಿದರೆ ದನಿ ದೂರ ಹೋಗಲ್ಲ, ಒಡೆಯುತ್ತದೆ ಅಷ್ಟೇ. ನಮ್ಮ ಗುಂಪಿನಲ್ಲಿ ಇಪ್ಪತ್ತು ವರ್ಷದ ಅನುಭವಸ್ಥರೊಬ್ಬರು ಇನ್ನೂ ಕೂಗುತ್ತಾರೆ, ಇರಲಿ ಬಿಡಿ.

ಚಿಪ್ಪಿನೊಳಗೇ ಅಲೆ ಹುಟ್ಟಿಸುವ ಒಂದು ಆಸಿಲೇಟರ್ ಓಡುತ್ತಿರುತ್ತದೆ. ಅದನ್ನು ಸುಮ್ನೆ ಬಿಟ್ಟರೆ ಅತ್ತಿತ್ತ ಅಲೆಯುತ್ತದೆ. ಹಾಗಾಗಿ ಅದರ ಫ್ರೀಕ್ವೆನ್ಸಿಯನ್ನು ಭಾಗಿಸಿ, ಪಕ್ಕದ ಕ್ರಿಸ್ಟಲ್ ಜೊತೆ ಸದಾ ಹೋಲಿಸಿ, ತಪ್ಪಿದರೆ ಎಳೆದು ತರುವ ಪಿಎಲ್‌ಎಲ್ ಎಂಬ ಸರ್ಕ್ಯೂಟ್ ಇದೆ. ನಾವು ಕೀಪ್ಯಾಡ್‌ನಲ್ಲಿ 145.500 ಒತ್ತಿದರೆ ಬದಲಾಗುವುದು ಆ ಭಾಗಿಸುವ ಅಂಕಿ ಮಾತ್ರ. ಮಾತಾಡಿದಾಗ ದನಿ ಈ ಆಸಿಲೇಟರನ್ನು ಆಚೀಚೆ ತುಸು ಅಲುಗಿಸುತ್ತದೆ. ವೈಡ್‌ನಲ್ಲಿ ಹೆಚ್ಚೆಂದರೆ 5 ಕಿಲೋಹರ್ಟ್ಸ್, ನ್ಯಾರೋದಲ್ಲಿ 2.5. ಎಫ್‌ಎಂ ಅಂದರೆ ಇಷ್ಟೇ. ಈ ಭಾಗದ ಬಗ್ಗೆ ನನ್ನದು ಒಂದೂ ದೂರಿಲ್ಲ. ಆರು ವರ್ಷದಲ್ಲಿ ಫ್ರೀಕ್ವೆನ್ಸಿ ತಪ್ಪಿದೆ ಅಂತ ಯಾರೂ ಹೇಳಿಲ್ಲ.

ಚಿಪ್ಪಿನಿಂದ ಹೊರಬರುವುದು ಕೆಲವೇ ಮಿಲಿವ್ಯಾಟ್. ಅದನ್ನು ಡ್ರೈವರ್ ಎಂಬ ನಡುವಿನ ಹಂತ ಎತ್ತಿ ಕೊಡುತ್ತದೆ, ಕೊನೆಯ ಹಂತದ 'ಫೈನಲ್' ಟ್ರಾನ್ಸಿಸ್ಟರ್ ವ್ಯಾಟ್‌ಗಟ್ಟಲೆ ಮಾಡುತ್ತದೆ. ಬ್ಯಾಟರಿಯಿಂದ ಎಳೆದದ್ದರಲ್ಲಿ ಅರ್ಧದಷ್ಟು ಬಿಸಿಯಾಗಿ ಹೋಗುತ್ತದೆ. ಮೂರು ನಿಮಿಷ ಬಿಡದೆ ಮಾತಾಡಿದರೆ ಸೆಟ್ಟಿನ ಬೆನ್ನು ಬಿಸಿಯಾಗುವುದು ಇದರಿಂದಲೇ.

ನನ್ನದು ಸತ್ತದ್ದೂ ಇಲ್ಲೇ. ಬಸ್ಸಿನಲ್ಲಿ ಬ್ಯಾಗಿನೊಳಗೆ ಕುಲುಕಿ ಆಂಟೆನಾ ಸಡಿಲ ಆಗಿತ್ತು. ನೋಡದೆ ಹೈ ಪವರ್‌ನಲ್ಲಿ ಉದ್ದಕ್ಕೆ ಮಾತಾಡಿದೆ. ಹೊರಗೆ ಹೋಗಲು ದಾರಿ ಇಲ್ಲದ ಪವರ್ ವಾಪಸ್ ಬಂದು ಫೈನಲ್ಲನ್ನೇ ಸುಟ್ಟಿತು. ತಮಾಷೆ ಏನೆಂದರೆ, ಸೆಟ್ ಸತ್ತದ್ದು ಮೂರು ದಿನ ನನಗೆ ಗೊತ್ತೇ ಆಗಲಿಲ್ಲ! ಎಲ್ಲರ ಮಾತೂ ಕೇಳುತ್ತಿತ್ತು, ಕೆಂಪು ದೀಪ ಹತ್ತುತ್ತಿತ್ತು. ಚಿಪ್ಪಿನ ಮಿಲಿವ್ಯಾಟ್ ಸೋರಿಕೆಯಿಂದ ಪಕ್ಕದ ಕೋಣೆಯ ಸೆಟ್ಟಿಗೂ ಕೇಳುತ್ತಿತ್ತು. ನಮ್ಮ ದನಿ ಹಿಡಿದು ದೂರಕ್ಕೆ ಮತ್ತೆ ಕಳಿಸುವ ರಿಪೀಟರ್‌ಗೆ ಮಾತ್ರ ಮುಟ್ಟುತ್ತಿರಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರಸ್ತೆಯ ಒಂದು ಚಿಕ್ಕ ಅಂಗಡಿಗೆ ಒಯ್ದೆ. ನೋಡಿದವರೇ "ಸಾರ್, ಆಂಟೆನಾ ಇಲ್ದೆ ಒತ್ತಿದ್ರಾ?" ಅಂದರು. ಗುಜರಿ ಸೆಟ್ಟಿನಿಂದ ಫೈನಲ್ ಕಿತ್ತು ಹಾಕಿಕೊಟ್ಟರು. ಅದರ ಹೊಟ್ಟೆಯಡಿಯ ತಗಡಿಗೂ ಸರಿಯಾಗಿ ಸೀಸ ಹಿಡಿಯಬೇಕು, ಬಿಸಿ ಒಳಗಿನ ಲೋಹದ ಚೌಕಟ್ಟಿಗೆ (ಚಾಸಿ) ಇಳಿಯುವುದು ಅದರ ಮೂಲಕ. ಇಲ್ಲದಿದ್ದರೆ ವಾರಕ್ಕೇ ಮತ್ತೆ ಹೋಗುತ್ತದೆ.

ಈಗ ಕೊನೆಯ ಭಾಗ, ಲೋ ಪಾಸ್ ಫಿಲ್ಟರ್. ಕಂಪನಿ ಕಾಸು ಉಳಿಸಿದ್ದು ಇಲ್ಲಿ. ಫೈನಲ್ ತನಗೆ ಕೊಟ್ಟ ಫ್ರೀಕ್ವೆನ್ಸಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟನ್ನೂ ಹುಟ್ಟಿಸುತ್ತದೆ. 145ಕ್ಕೆ 290 ಮತ್ತು 435. ನಾಲ್ಕಾರು ಸುತ್ತಿನ ಪುಟ್ಟ ಕಾಯಿಲ್‌ಗಳು, ಕೆಪಾಸಿಟರ್‌ಗಳು ಸೇರಿ ಅದನ್ನು ಆಂಟೆನಾಗೆ ಹೋಗದಂತೆ ತಡೆಯಬೇಕು. ಒಂದು ಸುತ್ತು ಕಡಿಮೆ ಮಾಡಿದರೂ ಮೀಟರ್‌ನಲ್ಲಿ ಕಾಣಲ್ಲ, ಡಬ್ಬಿಯ ಮೇಲೂ ಕಾಣಲ್ಲ.

ನಾನು ಹೀಗೆ ನೋಡಿದೆ. ಎರಡು ಬೀದಿ ಆಚೆಯ ಗೆಳೆಯರು ತಮ್ಮ ಸೆಟ್ಟನ್ನು 435.000ಕ್ಕೆ ಇಟ್ಟರು. ನಾನು 145.000ರಲ್ಲಿ ಮಾತಾಡಿದೆ. ಅವರಿಗೆ ನನ್ನ ದನಿ ಕೇಳಿತು, ಆದರೆ ಹರಿದ ಕಾಗದದ ಹಾಗೆ. ಫ್ರೀಕ್ವೆನ್ಸಿ ಮೂರು ಪಟ್ಟಾದಾಗ ಅಲುಗಾಟವೂ ಮೂರು ಪಟ್ಟಾಗುತ್ತದೆ, 5 ಇದ್ದದ್ದು 15 ಕಿಲೋಹರ್ಟ್ಸ್. ರಿಸೀವರಿಗೆ ಅದು ಹಿಡಿಸಲ್ಲ. ಅದೇ ಜಾಗದಿಂದ ಅವರ ಹಳೆಯ ಜಪಾನಿ ಸೆಟ್‌ನಲ್ಲಿ ಮಾತಾಡಿದರೆ 435ರಲ್ಲಿ ಏನೂ ಇಲ್ಲ, ನಿಶ್ಶಬ್ದ. 435 ಹೇಗೋ ನಮ್ಮ ಹ್ಯಾಮ್ ಬ್ಯಾಂಡೇ. 290 ನಮ್ಮದಲ್ಲ, ಅಲ್ವಾ? ಅಲ್ಲಿಗೂ ಸೋರುತ್ತಿದ್ದರೆ ಯಾರಿಗೋ ತೊಂದರೆ. ಅದಕ್ಕೇ ಮನೆಯ ತಾರಸಿ ಆಂಟೆನಾಗೆ ಜೋಡಿಸುವಾಗ ಹೊರಗೊಂದು ಫಿಲ್ಟರ್ ಹಾಕಿಯೇ ಒತ್ತುತ್ತೇನೆ.

ಜೊತೆಗೆ ಬಂದ ಗಿಡ್ಡ ಆಂಟೆನಾ ಸುಮಾರು. 145ರ ಅಲೆಯ ಉದ್ದದಲ್ಲಿ ಕಾಲು ಭಾಗ ಅಂದರೆ ಅರ್ಧ ಮೀಟರ್, ಇದು ಅದರ ಅರ್ಧವೂ ಇಲ್ಲ. ಆಂಟೆನಾಗೆ ಜೋಡಿಯಾಗಿ ಬೇಕಾದ ಇನ್ನೊಂದು ಬದಿಯ ಕೆಲಸವನ್ನು ಸೆಟ್ಟನ್ನು ಹಿಡಿದ ನಮ್ಮ ಕೈ, ಮೈ ಮಾಡಬೇಕು. ಆ ಕೆಲಸಕ್ಕೆಂದು ಆಂಟೆನಾ ಬುಡದ ಲೋಹದ ರಿಂಗಿಗೆ 50 ಸೆಂಟಿಮೀಟರ್ ವೈರ್ ಸಿಕ್ಕಿಸಿ ಕೆಳಗೆ ಇಳಿಬಿಟ್ಟೆ. ಹತ್ತು ರೂಪಾಯಿ ಖರ್ಚಿಲ್ಲ. ಮನೆಯೊಳಗಿಂದ ಕೊರಕೊರ ಅನ್ನುತ್ತಿದ್ದ ರಿಪೀಟರ್ ಈಗ ಶುದ್ಧವಾಗಿ ಸಿಗುತ್ತದೆ. ನೋಡಿದವರು ಇದೇನು ಬಾಲ ಅಂತ ನಗುತ್ತಾರೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರನ್ನೂ ಇದರಲ್ಲಿ ಮುಟ್ಟಿದ್ದೇನೆ. 145.990ರಲ್ಲಿ ರಿಪೀಟರನ್ನು ತೆರೆಸುವ 67 ಹರ್ಟ್ಸ್ ಟೋನ್ ಜೊತೆ ಕಳಿಸಬೇಕು, 437.800ರಲ್ಲಿ ಕೇಳಬೇಕು. ಇರುವುದು ಒಂದೇ ಚಿಪ್, ಒಂದು ಹೊತ್ತಿಗೆ ಕಳಿಸುತ್ತದೆ ಇಲ್ಲ ಕೇಳುತ್ತದೆ. ನನ್ನ ದನಿ ಮೇಲಿಂದ ವಾಪಸ್ ಬಂದದ್ದನ್ನು ಕೇಳಲು ಎರಡನೇ ಸೆಟ್ ಬೇಕಾಯಿತು.

ಕೊಳ್ಳುವವರಿಗೆ: ಲೈಸೆನ್ಸ್ ಇಲ್ಲದೆ ಇದರ ಪಿಟಿಟಿ ಒತ್ತುವ ಹಾಗಿಲ್ಲ, ಮೊದಲು ಕೇಂದ್ರ ಸರ್ಕಾರದ ರೇಡಿಯೋ ಲೈಸೆನ್ಸ್ ವಿಭಾಗ ಡಬ್ಲ್ಯೂಪಿಸಿಯ ಪರೀಕ್ಷೆ ಬರೆಯಿರಿ. ಕಲಿಯಲು, ಬಿಚ್ಚಿ ನೋಡಲು, ಬೆಟ್ಟಕ್ಕೆ ಒಯ್ಯಲು ಇದು ಸಾಕು. ದಿನವಿಡೀ ತಾರಸಿ ಆಂಟೆನಾಗೆ ಹಾಕಿ ಕೂರುವವರಾದರೆ ಬೇಡ. ನಾನು 5ಕ್ಕೆ 3 ಕೊಡುತ್ತೇನೆ. ಫಿಲ್ಟರ್ ಸರಿಯಾಗಿದ್ದಿದ್ದರೆ 4 ಕೊಡುತ್ತಿದ್ದೆ.