ಮದುವೆ ಮನೆಯಲ್ಲಿ ತಾಮ್ರದ ಜಗ್ಗಿನಿಂದ ಶರಬತ್ತು ಕೊಟ್ಟರೆ ಕುಡಿಯಬೇಡಿ

ಈ ಸೀಸನ್ನಿನಲ್ಲಿ ಮದುವೆ, ಜವಳ, ಗೃಹಪ್ರವೇಶ ಇಟ್ಟುಕೊಂಡವರು ಅಡುಗೆ ಕಾಂಟ್ರಾಕ್ಟರಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಗದಗಿನಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಅಕ್ಕಿಕಾಳು ಬೀಳುವ ಮೊದಲೇ ನಮ್ಮ ಕಡೆಯವರು ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಮಂಟಪದ ಹಿತ್ತಲಿಗೆ ಓಡಿದರು. ಯಾರೂ ಇನ್ನೂ ಊಟಕ್ಕೆ ಕೂತಿರಲಿಲ್ಲ.

ಕಾಂಟ್ರಾಕ್ಟರ್ ಕೊಟ್ಟಿದ್ದು ‘ರಾಯಲ್ ಪ್ಯಾಕೇಜ್’. ಅಂದರೆ ಬಾಗಿಲಲ್ಲೇ ನಳ ಕೂಡಿಸಿದ ದೊಡ್ಡ ತಾಮ್ರದ ಪಾತ್ರೆ, ಪಕ್ಕದಲ್ಲಿ ತಾಮ್ರದ ಜಗ್ಗು, ತಾಮ್ರದ ಲೋಟ. ಫೋಟೊದಲ್ಲಿ ಬಹಳ ಚಂದ ಕಾಣುತ್ತವೆ, ಅದು ಖರೆ. ಒಳಗೆ ಕಲಾಯಿ (ತವರದ ಲೇಪ) ಮಾತ್ರ ಇರಲಿಲ್ಲ. ತುಂಬಿದ್ದು ಕೋಕಂ (ಹುಳಿ ಮುರುಗಲ ಹಣ್ಣು) ಶರಬತ್ತು, ಮೇಲೆ ಲಿಂಬೆ ಬೇರೆ ಹಿಂಡಿದ್ದರು. ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಬೀಗರಿಗೆ ಇದೇ ಶರಬತ್ತು ಅಡುಗೆಮನೆಯ ಸ್ಟೀಲ್ ಡ್ರಮ್ಮಿನಿಂದ ನೇರವಾಗಿ ಪೇಪರ್ ಕಪ್ಪಿನಲ್ಲಿ ಹೋಗಿತ್ತು. ಅವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಉಳಿದದ್ದನ್ನು ತಾಮ್ರಕ್ಕೆ ಸುರಿದು ಮಧ್ಯಾಹ್ನದ ಮುಹೂರ್ತದವರೆಗೆ ಹಾಗೇ ಇಟ್ಟರು. ಕುಡಿದವರು ನಾವು, ಹೆಣ್ಣಿನ ಕಡೆಯವರು.

ಅಕ್ಕನ ಅತ್ತೆ ಒಂದು ಗುಟುಕಿಗೇ ಲೋಟ ಕೆಳಗಿಟ್ಟರು. “ಬಾಯಾಗ ರೊಕ್ಕ ಇಟ್ಕೊಂಡಂಗ ಆಗೇತಿ, ನನಗ ಬ್ಯಾಡವಾ” ಅಂದರು. ವಯಸ್ಸಾದವರ ನಾಲಿಗೆ, ಏನೋ ಅಂತಾರೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಕಂ ಬಣ್ಣ ಮೊದಲೇ ಗಾಢ, ಹಾಗಾಗಿ ಕಣ್ಣಿಗೂ ಏನೂ ಗೊತ್ತಾಗುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ವಾಂತಿ, ಹೊಟ್ಟೆನೋವು, ಕೆಲವರಿಗೆ ಭೇದಿ. ಬಿಸಿಲು ಬಡಿದೈತಿ ಅಂದರು, ದೃಷ್ಟಿ ಆಗೈತಿ ಅಂದರು. ಹುಡುಗರನ್ನು ಕರೆದೊಯ್ದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, “ಇನ್ನೂ ಉಂಡಿಲ್ಲ ಅಂದ್ರ ಏನು ಕುಡದ್ರಿ? ಯಾವ ಪಾತ್ರಿಯಾಗಿಂದು?”

ಮಂಟಪಕ್ಕೆ ವಾಪಸು ಬಂದು ಆ ಪಾತ್ರೆ ಬಗ್ಗಿ ನೋಡಿದೆ. ಶರಬತ್ತು ನಿಂತಿದ್ದ ಮಟ್ಟಕ್ಕೆ ಗೆರೆ ಕೊಯ್ದ ಹಾಗಿತ್ತು. ಮೇಲೆ ಮಾಸಲು ಕಂದು, ಕೆಳಗೆ ಈಗ ತಾನೇ ತಿಕ್ಕಿ ತೊಳೆದಂಥ ಗುಲಾಬಿ ಹೊಳಪು. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದವರಿಗೆ ಈ ಹೊಳಪು ಗೊತ್ತು. ಹುಳಿ ಮೇಲಿನ ಕಿಲುಬನ್ನೂ, ಅದರ ಜೊತೆ ಒಂದಿಷ್ಟು ತಾಮ್ರವನ್ನೂ ಕರಗಿಸಿಕೊಂಡು ಬರುತ್ತದೆ. ತಿಕ್ಕುವಾಗ ಆ ನೀರು ಗಟಾರಕ್ಕೆ ಹೋಗುತ್ತದೆ. ಇಲ್ಲಿ ನಮ್ಮವರ ಹೊಟ್ಟೆಗೆ ಹೋಯಿತು.

ಕಾಂಟ್ರಾಕ್ಟರನ್ನು ಕೇಳಿದರೆ, “ತಾಮ್ರದ ನೀರು ಛಲೋ ಅಂತ ಊರೆಲ್ಲಾ ಕುಡೀತಾರಲ್ರೀ ಸರ್” ಎಂದ. ಹೌದು, ಕುಡಿಯುತ್ತಾರೆ, ನೀರನ್ನು. ಹುಳಿ ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಶುದ್ಧ ನೀರಿನ ಪಿಎಚ್ 7ರ ಆಸುಪಾಸು, ಅದಕ್ಕೆ ಬಿಡುವ ತಾಮ್ರ ಅತ್ಯಲ್ಪ. ಲಿಂಬೆರಸದ್ದು 2ರಿಂದ 3, ಹುಳಿ ಮಜ್ಜಿಗೆಯದ್ದು 4.5ರ ಹತ್ತಿರ. ಅಮೆರಿಕದ ಆಹಾರ ಇಲಾಖೆ ಎಫ್‌ಡಿಎ ತನ್ನ ಮಾದರಿ ನಿಯಮದಲ್ಲಿ ಪಿಎಚ್ 6ಕ್ಕಿಂತ ಕಡಿಮೆ ಇರುವ ಯಾವ ಪದಾರ್ಥವೂ ತಾಮ್ರ, ಹಿತ್ತಾಳೆಗೆ ತಾಗಬಾರದು ಎನ್ನುತ್ತದೆ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹುಳಿ ಎಷ್ಟು ಹೆಚ್ಚೋ, ಎಷ್ಟು ಹೊತ್ತು ಕೂತಿದೆಯೋ, ಎಷ್ಟು ಬೆಚ್ಚಗಿದೆಯೋ, ಅಷ್ಟು ಹೆಚ್ಚು ತಾಮ್ರ ಬಿಡುತ್ತದೆ. ಗದಗಿನ ಏಪ್ರಿಲ್ ಬಿಸಿಲಿಗೆ ಮೂರೂ ಕೂಡಿದವು.

ದೊಡ್ಡವರಿಗೆ ವಾಂತಿಯಾದರೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಕೂಸುಗಳ ವಿಷಯ ಬೇರೆ. ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಸಿ ಇಟ್ಟ ಹಾಲು ಕುಡಿಸಿದ ಕೂಸುಗಳಿಗೆ ಪಿತ್ತಜನಕಾಂಗ ಕೆಡುವ ಕಾಯಿಲೆ ಬರುತ್ತಿರಬಹುದು ಎಂದು ಪುಣೆಯ ವೈದ್ಯರು, ಬ್ರಿಟನ್ನಿನವರ ಜೊತೆ ಸೇರಿ, 1983ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಹಾಲು ಹುಳಿಯೂ ಅಲ್ಲ, ಆದರೂ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ‘ಹಳೇ ಕಾಲದವರು ಇದರಲ್ಲೇ ಬೇಯಿಸುತ್ತಿದ್ದರು’ ಎಂದು ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುವವರನ್ನು ಕಂಡರೆ ನನಗೆ ಈಗ ಸಿಟ್ಟೇ ಬರುತ್ತದೆ.

ಹಳೇ ಕಾಲದವರು ಕಲಾಯಿ ಹಾಕಿಸುತ್ತಿದ್ದರು. ಓಣಿಗೆ ಕಲಾಯಿಯವನು ಬಂದು, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ ತವರ ಬಳಿಯುವುದನ್ನು ಹುಬ್ಬಳ್ಳಿಯಲ್ಲೇ ನೋಡಿದ್ದೇವೆ. ಒಳಗೆ ಕೆಂಪು ಇಣುಕಿತೆಂದರೆ ಅಜ್ಜಿ ಆ ಪಾತ್ರೆಯಲ್ಲಿ ಸಾರು ಕುದಿಸುತ್ತಿರಲಿಲ್ಲ. ಈಗ ಹಾಕಿಸುವವರು ಶುದ್ಧ ತವರಕ್ಕೇ ದುಡ್ಡು ಕೊಡಿ. ಅಗ್ಗ ಮಾಡಲು ಸೀಸ ಬೆರೆಸಿದರೆ ಅದು ತಾಮ್ರಕ್ಕಿಂತ ಕೆಟ್ಟದ್ದು. ಕಲಾಯಿ ಪಾತ್ರೆಯನ್ನು ಒಲೆ ಮೇಲೆ ಬರಿದಾಗಿ ಕಾಯಲು ಬಿಡಬೇಡಿ, ತವರ 232 ಡಿಗ್ರಿಗೇ ಕರಗುತ್ತದೆ.

ಜರ್ಮನ್ ಡಬರಿಯೂ (ಅಲ್ಯುಮಿನಿಯಂ) ಪುಂಡಿಪಲ್ಯೆಗೆ ಸರಿಯಲ್ಲ, ಆ ಹುಳಿಗೆ ಅದೂ ಒಂದಿಷ್ಟು ಕರಗುತ್ತದೆ. ತಗಡಿನ ಬಕೆಟ್‌ಗಳ ಮೇಲಿರುವುದು ಸತುವಿನ ಲೇಪ, ಅದರಲ್ಲಿ ಮಜ್ಜಿಗೆ, ಪಾನಕ ಕಲಸಿದರೂ ಇಂಥದೇ ವಾಂತಿ. ಉಡುಗೊರೆಗೆ ಬಂದ ತಾಮ್ರದ ಬಾಟಲಿಗೆ ನೀರು ಬಿಟ್ಟು ಬೇರೇನೂ ಹಾಕಬೇಡಿ, ಲಿಂಬೆಹಣ್ಣಿನ ಒಂದು ಹೋಳೂ ಬೇಡ. ಸ್ಟೀಲು, ಗಾಜು, ಚೀನಿಮಣ್ಣಿನ ಭರಣಿ ಇದ್ದೇ ಇವೆ.

ಕುಡಿದುಬಿಟ್ಟು ಹೊಟ್ಟೆ ತೊಳೆಸಿದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನಿಲ್ಲದಿದ್ದರೆ, ರಕ್ತ ಕಂಡರೆ, ಸಣ್ಣ ಮಕ್ಕಳಾದರೆ ತಕ್ಷಣ ದವಾಖಾನೆಗೆ ಹೋಗಿ, ಯಾವ ಪಾತ್ರೆಯಲ್ಲಿ ಏನಿತ್ತು ಎಂಬುದನ್ನೂ ಹೇಳಿ. ಆಗಲೇ ಆ ಶರಬತ್ತನ್ನು ಒಂದು ಗಾಜಿನ ಬಾಟಲಿಯಲ್ಲಿ ಎತ್ತಿಡಿ. ನಮ್ಮಲ್ಲಿ ಡಾಕ್ಟರ್ ಹತ್ತಿರ ಹೋಗಿ ಬರುವಷ್ಟರಲ್ಲಿ ಕೆಲಸದ ಹುಡುಗರು ಎಲ್ಲ ಚೆಲ್ಲಿ ಪಾತ್ರೆ ಬರಿದು ಮಾಡಿದ್ದರು. ಪರೀಕ್ಷೆಗೆ ಕಳಿಸಲು ಏನೂ ಉಳಿಯಲಿಲ್ಲ. ಆ ಮಾತನ್ನೇ ಹಿಡಿದು ಕಾಂಟ್ರಾಕ್ಟರ್ ಪೂರ್ತಿ ಬಿಲ್ ವಸೂಲಿ ಮಾಡಿದ. ಅಡ್ವಾನ್ಸ್ ಚೀಟಿಯಲ್ಲೇ ಬರೆಸಿಕೊಳ್ಳಿ: ಶರಬತ್ತು, ಮಜ್ಜಿಗೆ, ಸಾರು ಸ್ಟೀಲಿನಲ್ಲಿ ಮಾತ್ರ, ತಾಮ್ರ ಬೇಕಿದ್ದರೆ ನೀರಿಗೆ.