ಸ್ಪಿತಿಯಲ್ಲಿ ವ್ಯಾನೋ ಟೆಂಟೋ: ಭಾವನ ಜೊತೆ ಇನ್ನೂ ಮುಗಿಯದ ಜಗಳ

ಮೊದಲೇ ಹೇಳಿಬಿಡುತ್ತೇನೆ, ನಾನು ಟೆಂಟ್ ಪಾರ್ಟಿ.

ಹಿಮಾಚಲದ ಸ್ಪಿತಿ ಕಣಿವೆಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಜುಲೈನಲ್ಲಿ, ಬೆಂಗಳೂರಿನಲ್ಲಿ ಒಂಬತ್ತು ಸಾವಿರಕ್ಕೆ ಕೊಂಡ ಇಬ್ಬರ ಟೆಂಟ್ ಜೊತೆ. ಎರಡನೇ ಸಲ ಸೆಪ್ಟೆಂಬರ್ ಕೊನೆಗೆ, ದಿನಕ್ಕೆ ಎಂಟು ಸಾವಿರ ಬಾಡಿಗೆಯ ಕ್ಯಾಂಪರ್‌ವ್ಯಾನ್‌ನಲ್ಲಿ. ವ್ಯಾನ್ ಬೇಕೇ ಬೇಕು ಅಂದವರು ಭಾವ. "ನಿನ್ನ ಟೆಂಟಲ್ಲಿ ಮಲಗಿದ್ರೆ ಬೆಳಗ್ಗೆ ನಾನು ಏಳ್ತೀನಿ, ನನ್ನ ಸೊಂಟ ಏಳಲ್ಲ ಕಣೋ" ಅಂದರು. ಸರಿ ಅಂದೆ. ಆದರೂ ನನ್ನ ಹಳೇ ಟೆಂಟನ್ನು ಸುಮ್ನೆ ಇರಲಿ ಅಂತ ಸೀಟಿನ ಕೆಳಗೆ ತುರುಕಿದ್ದೆ.

ವ್ಯಾನಿನಲ್ಲಿ ಹಾಸಿಗೆ, ಸಿಂಕು, ಸೋಲಾರ್ ಪ್ಯಾನೆಲ್, ಪುಟ್ಟ ಫ್ರಿಜ್ಜು ಎಲ್ಲ ಇತ್ತು. ಸ್ಪಿತಿಗೆ ಫ್ರಿಜ್ಜು ಯಾಕೆ ಅಂತ ಕೇಳಬೇಡಿ. ಮುಖ್ಯವಾದದ್ದು ಡೀಸೆಲ್ ಹೀಟರ್. ಅದೊಂದರ ಕಥೆ ಮಾತ್ರ ಪೂರ್ತಿ ಹೇಳಬೇಕು.

ಶಿಮ್ಲಾ, ಕಿನ್ನೌರ್ ದಾರಿ ಹಿಡಿದಿದ್ದೆವು. ಮನಾಲಿ ಕಡೆಯಿಂದ ಹೋದರೆ ಎತ್ತರ ಒಮ್ಮೆಲೇ ಏರುತ್ತದೆ, ತಲೆನೋವು ಗ್ಯಾರಂಟಿ. ಈ ದಾರಿಯಲ್ಲಿ ಮೈಗೆ ನಿಧಾನಕ್ಕೆ ಒಗ್ಗುತ್ತದೆ. ನಾರ್ಕಂಡದಲ್ಲಿ ಹೀಟರ್ ಎಷ್ಟು ಚೆನ್ನಾಗಿತ್ತು ಅಂದರೆ, ಭಾವ ಬನಿಯನ್‌ನಲ್ಲಿ ಕೂತು ಕಾಫಿ ಕುಡಿದರು. ಕಲ್ಪಾದಲ್ಲೂ ತೊಂದರೆ ಇಲ್ಲ. ತಾಬೋದಲ್ಲಿ ಹೊಗೆಯ ವಾಸನೆ ಶುರುವಾಯಿತು. ಕಾಜಾದಲ್ಲಿ ಮೂರು ಸಲ ಒತ್ತಿದ ಮೇಲೆ ಹತ್ತಿಕೊಂಡಿತು.

ಮಾರನೇ ದಿನ ಲಾಂಗ್ಜಾಗೆ ಏರಿದೆವು. ದೊಡ್ಡ ಬುದ್ಧನ ಮೂರ್ತಿ ಇರುವ ಊರು, ಸುಮಾರು 4,400 ಮೀಟರ್ ಎತ್ತರ. ರಾತ್ರಿ ಹನ್ನೊಂದಕ್ಕೆ ಹೀಟರ್ ಟಕ್ ಟಕ್ ಅಂತ ಪಂಪು ಬಡಿಯಿತು, ಹೊರಗಿನ ಪೈಪಿನಿಂದ ಬಿಳೀ ಹೊಗೆ ಬುಸುಬುಸು ಬಂತು, ಪರದೆಯಲ್ಲಿ ಎರರ್ ಕೋಡ್. ಆಫ್. ಮತ್ತೆ ಆನ್. ಮತ್ತೆ ಹೊಗೆ. ಆರನೇ ಸಲಕ್ಕೆ ಬ್ಯಾಟರಿ ಕೆಂಪು ತೋರಿಸಿತು. ಈ ಹೀಟರ್‌ಗೆ ಉರಿ ಹತ್ತಿಸುವಾಗಲೇ ಕರೆಂಟ್ ಜಾಸ್ತಿ ಬೇಕು. ಒಂದು ಸಲ ಹತ್ತಿದರೆ ಅಷ್ಟು ಎಳೆಯುವುದಿಲ್ಲ. ಹತ್ತದೇ ಇದ್ದರೆ ಬ್ಯಾಟರಿಯನ್ನೇ ತಿಂದು ಹಾಕುತ್ತದೆ.

ಕಾರಣ ಆಮೇಲೆ ಗೊತ್ತಾಯಿತು. ಲಾಂಗ್ಜಾ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ. 60 ಅಷ್ಟೆ. ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆ. ಪಂಪಿಗೆ ಅದೆಲ್ಲ ಗೊತ್ತಾಗಬೇಕಲ್ಲ! ಅದು ಬಯಲುಸೀಮೆಯ ಅಳತೆಯಲ್ಲೇ ಡೀಸೆಲ್ ಸುರಿಯುತ್ತದೆ. ಅರ್ಧ ಸುಟ್ಟ ಡೀಸೆಲ್ ಮಸಿಯಾಗಿ ಒಳಗೆ ಕೂರುತ್ತದೆ. ನಾಲ್ಕು ರಾತ್ರಿ ಕೂತ ಮಸಿ ಐದನೇ ರಾತ್ರಿ ಬಾಗಿಲು ಹಾಕಿತು. ಎತ್ತರಕ್ಕೆ ತಕ್ಕಂತೆ ಇಂಧನ ಕಡಿಮೆ ಮಾಡುವ ಹೀಟರ್‌ಗಳಿವೆ. ನಮ್ಮದು ಆ ಜಾತಿಯದಲ್ಲ. ಕಾಜಾಗೆ ಇಳಿದು ಬಾಡಿಗೆಯವರಿಗೆ ಫೋನ್ ಮಾಡಿದರೆ, "ಮನಾಲಿಯಲ್ಲಿ ಚೆನ್ನಾಗೇ ಇತ್ತಲ್ಲ ಸಾರ್" ಅಂದರು. ಮನಾಲಿ 2,050 ಮೀಟರ್. ಅಲ್ಲಿ ಚೆನ್ನಾಗಿರದೆ ಇನ್ನೇನು?

ಆ ರಾತ್ರಿ ನಿಜವಾಗಿ ಕಾಡಿದ್ದು ಹೀಟರ್ ಅಲ್ಲ, ಹೊದಿಕೆ. ಹೀಟರ್ ಇದೆಯಲ್ಲ ಅಂತ ಅವರು ಕೊಟ್ಟಿದ್ದು ರೈಲಿನಲ್ಲಿ ಕೊಡುವಂಥ ತೆಳು ಕಂಬಳಿ ಎರಡು. ಸುತ್ತ ತಗಡು. ಎರಡು ಗಂಟೆಗೆ ಟಾರ್ಚ್ ಹಾಕಿ ನೋಡಿದರೆ, ನಮ್ಮ ಉಸಿರೇ ಕಿಟಕಿ ಗಾಜಿನ ಒಳಗಡೆ ಹಿಮವಾಗಿ ಕೂತಿತ್ತು. ಉಗುರಿನಲ್ಲಿ ಕೆರೆದರೆ ತೆಂಗಿನ ತುರಿಯ ಥರ ಉದುರುತ್ತಿತ್ತು. ಗ್ಯಾಸ್ ಸ್ಟವ್ ಹಚ್ಚೋಣ ಅಂದರು ಭಾವ. ಬೇಡವೇ ಬೇಡ ಅಂದೆ. ಮುಚ್ಚಿದ ವ್ಯಾನಿನಲ್ಲಿ ಬೆಂಕಿ ಹಚ್ಚಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ, ಇದರಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಇದ್ದ ಬಟ್ಟೆಯೆಲ್ಲ ಹಾಕಿಕೊಂಡು ಬೆಳಗಿನ ತನಕ ಕೂತಿದ್ದೆವು.

ಮಾರನೇ ರಾತ್ರಿ ಲಾಂಗ್ಜಾದಲ್ಲೇ ಒಂದು ಮನೆಯಲ್ಲಿ ಭಾವನಿಗೆ ಕೋಣೆ ಸಿಕ್ಕಿತು. ನಡುಮನೆಯಲ್ಲಿ ಒಲೆ, ಅದಕ್ಕೆ ಒಣ ಸಗಣಿಯ ಉರಿ. ನಾನು ಆ ಮನೆಯವರನ್ನೇ ಕೇಳಿ ಅಂಗಳದಲ್ಲಿ ಟೆಂಟ್ ಹಾಕಿದೆ. ಹೊರಗಿಟ್ಟ ಚೊಂಬಿನ ನೀರು ಗಟ್ಟಿಯಾಗಿತ್ತು, ನಾನು ಚೆನ್ನಾಗಿ ನಿದ್ದೆ ಮಾಡಿದೆ. ಟೆಂಟ್ ಬೆಚ್ಚಗಿರುವುದಿಲ್ಲ, ಅದು ಗಾಳಿ ತಡೆಯುತ್ತದೆ ಅಷ್ಟೆ. ಬೆಚ್ಚಗಿಡುವುದು ಸ್ಲೀಪಿಂಗ್ ಬ್ಯಾಗು, ಅದಕ್ಕಿಂತ ಮುಖ್ಯವಾಗಿ ಕೆಳಗಿನ ಮ್ಯಾಟು. ಚಳಿ ಏರುವುದು ನೆಲದಿಂದ. ಜೊತೆಗೆ ಕಾಲ ಬಳಿ ಒಂದು ಬಿಸಿನೀರಿನ ಬಾಟಲಿ. ಕೆಡುವುದಕ್ಕೆ ಇದರಲ್ಲಿ ಏನೂ ಇಲ್ಲ.

ಹಾಗಂತ ಟೆಂಟಿಗೆ ತಕರಾರೇ ಇಲ್ಲ ಅಂತಲ್ಲ. ಮಧ್ಯಾಹ್ನದ ಮೇಲೆ ಸ್ಪಿತಿಯಲ್ಲಿ ಗಾಳಿ ಏಳುತ್ತದೆ, ಜಲ್ಲಿ ನೆಲದಲ್ಲಿ ಗೂಟ ನಿಲ್ಲುವುದಿಲ್ಲ. ಹಗ್ಗಕ್ಕೆ ದಪ್ಪ ಕಲ್ಲು ಕಟ್ಟಬೇಕು. ಬ್ಯೂಟೇನ್ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಮುಷ್ಕರ ಹೂಡುತ್ತದೆ, ರಾತ್ರಿ ಅದನ್ನೂ ಬ್ಯಾಗಿನೊಳಗೆ ಮಗುವಿನ ಥರ ಮಲಗಿಸಿಕೊಂಡೆ. ಲೈಟರ್ ನಂಬಬೇಡಿ, ಬೆಂಕಿಪೊಟ್ಟಣ ಇರಲಿ.

ಅಡುಗೆಯಲ್ಲಿ ಮಾತ್ರ ವ್ಯಾನ್ ಗೆದ್ದಿತು, ಕುಕ್ಕರ್ ಇತ್ತು ಅಂತ. ಅಷ್ಟು ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ. ಟೆಂಟಿನಲ್ಲಿ ನನ್ನದು ಅವಲಕ್ಕಿ, ಚಟ್ನಿಪುಡಿ.

ಶೌಚದ ವಿಷಯ. ವ್ಯಾನಿನ ಕೆಮಿಕಲ್ ಟಾಯ್ಲೆಟ್ ತುಂಬಿದರೆ ಖಾಲಿ ಮಾಡುವುದೆಲ್ಲಿ? ಇಲ್ಲಿನ ಹಳ್ಳಿಮನೆಗಳದು ನೀರಿಲ್ಲದ ಶೌಚ. ಮೇಲೆ ಮಣ್ಣು, ಬೂದಿ ಹಾಕುತ್ತಾರೆ, ಆಮೇಲೆ ಅದೇ ಹೊಲಕ್ಕೆ ಗೊಬ್ಬರ. ಅದರೊಳಗೆ ನಮ್ಮ ನೀಲಿ ಕೆಮಿಕಲ್ ಸುರಿಯುವುದು ತಪ್ಪಲ್ವಾ? ಎರಡನೇ ದಿನಕ್ಕೇ ಅದನ್ನು ಬಳಸುವುದು ಬಿಟ್ಟೆವು.

ಚಂದ್ರತಾಲ್ ಕೆರೆಗೆ ವ್ಯಾನ್ ಒಯ್ಯಲೇ ಇಲ್ಲ. ಕುಂಜುಮ್ ಪಾಸ್ ದಾಟಿದ ಮೇಲೆ ಕಲ್ಲು, ನಾಲೆ, ಮತ್ತೆ ಕಲ್ಲು. ಹೋದ ಸಲ ಜೀಪಿನಲ್ಲಿ ಹೋಗಿದ್ದೆ. ಕೆರೆ ದಂಡೆಯಲ್ಲಿ ಟೆಂಟ್ ಹಾಕುವಂತಿಲ್ಲ, ದೂರದಲ್ಲಿ ಕ್ಯಾಂಪುಗಳಿವೆ. ಅಲ್ಲಿನ ಸ್ವಿಸ್ ಟೆಂಟಿನಲ್ಲಿ ಮಂಚ, ದಪ್ಪ ರಜಾಯಿ, ಬಿಸಿ ದಾಲ್. ತಲೆಗೆ ಎರಡು ಸಾವಿರ ಕೊಟ್ಟೆ, ಬೇಜಾರಾಗಲಿಲ್ಲ. ಜನರೇಟರ್ ಸದ್ದು ಮಾತ್ರ ಹತ್ತರ ತನಕ.

ದುಡ್ಡಿನ ಲೆಕ್ಕ ನೋಡಿ. ವ್ಯಾನಿಗೆ ಒಂಬತ್ತು ದಿನಕ್ಕೆ ಎಪ್ಪತ್ತೆರಡು ಸಾವಿರ, ಡೀಸೆಲ್ ಬೇರೆ. ಟೆಂಟು, ಬ್ಯಾಗು, ಮ್ಯಾಟು ಸೇರಿ ನನಗೆ ಬಿದ್ದಿದ್ದು ಇಪ್ಪತ್ತೆರಡು ಸಾವಿರ, ಅವು ಇನ್ನೂ ಅಟ್ಟದ ಮೇಲಿವೆ. ನಾನು ಎಂಟಕ್ಕೆ ಮಲಗಿ ನಾಲ್ಕಕ್ಕೆ ಏಳುವವನು, ಸ್ನಾನ ಎರಡು ದಿನ ತಪ್ಪಿದರೂ ನಡೆಯುತ್ತದೆ. ಹಾಗಾಗಿ ಹಳ್ಳಿಮನೆಯ ಅಂಗಳದಲ್ಲಿ ಟೆಂಟ್, ಊಟ ಆ ಮನೆಯಲ್ಲೇ, ಅದಕ್ಕೆ ದುಡ್ಡು ಕೊಡುವುದು. ನನಗೆ ಇದೇ ಸರಿ. ಮಕ್ಕಳಿದ್ದರೆ, ಸೊಂಟ ನೋವಿದ್ದರೆ ಕಲ್ಪಾ ತನಕ ವ್ಯಾನ್ ಸುಖ. ಅದರಾಚೆಗೆ ಒಯ್ಯುವುದಾದರೆ, ಹೀಟರ್ ಎಷ್ಟು ಮೀಟರ್ ತನಕ ನಡೆಯುತ್ತದೆ ಅಂತ ಬರೆಸಿಕೊಂಡು, ದಪ್ಪ ರಜಾಯಿ ಕೇಳಿ ಪಡೆದುಕೊಂಡು ಹೋಗಿ.

ಭಾವ ಒಪ್ಪಿಲ್ಲ. ಮೊನ್ನೆ ವಾಟ್ಸಾಪಿನಲ್ಲಿ ಇನ್ನೊಂದು ವ್ಯಾನಿನ ಫೋಟೋ ಕಳಿಸಿ, "ಇದ್ರಲ್ಲಿ ಹೀಟರ್ 5,000 ಮೀಟರ್ ತನಕ ನಡೆಯುತ್ತಂತೆ ಕಣೋ" ಅಂದರು. ನಾನು ನಾಲ್ಕಿಂಚು ದಪ್ಪದ ಮ್ಯಾಟಿನ ಫೋಟೋ ಕಳಿಸಿದ್ದೇನೆ. ಎರಡೂ ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.